ಗಾಳ ಹಿಡಿದವರ ಚರಿತ್ರೆ ಮತ್ತು ಕಾವೇರಿಯ ದೊಡ್ಡ ಮೀನು



ಶುಭಸಂದೇಶಗಳಲ್ಲಿ ಮೀನುಗಾರಿಕೆಯ ಪ್ರಸಂಗಗಳು ಅನೇಕ. ಸರೋವರದ ದಡದಲ್ಲಿ ಬಲೆ ತೊಳೆಯುತ್ತಿದ್ದ ಬೆಸ್ತರು, ರಾತ್ರಿಯೆಲ್ಲ ದುಡಿದರೂ ಬರಿದಾಗಿ ಮರಳಿದ ದೋಣಿ, ಬೆಳಗಿನ ಜಾವ ದಡಕ್ಕೆ ಎಳೆದ 153 ದೊಡ್ಡ ಮೀನುಗಳು, ಇವೆಲ್ಲವನ್ನು ನಾವು ಬಾಲ್ಯದಿಂದಲೂ ಕೇಳುತ್ತ ಬಂದಿದ್ದೇವೆ. ಗಮನಿಸಿ ನೋಡಿದರೆ ಇವೆಲ್ಲವೂ ಬಲೆಯ ಕತೆಗಳು. ಗಾಳದ ಕತೆ ಒಂದೇ ಒಂದು. ಅದು ಮತ್ತಾಯನ ಶುಭಸಂದೇಶದ 17ನೇ ಅಧ್ಯಾಯದ ಕೊನೆಯಲ್ಲಿದೆ. ದೇವಾಲಯದ ತೆರಿಗೆಯ ಮಾತು ಬಂದಾಗ ಯೇಸುಸ್ವಾಮಿ ಪೇತ್ರನನ್ನು ಸರೋವರಕ್ಕೆ ಕಳುಹಿಸುತ್ತಾರೆ. ಗಾಳ ಹಾಕಿ, ಮೊದಲು ಸಿಕ್ಕ ಮೀನಿನ ಬಾಯಿ ತೆರೆದು ನೋಡುವಂತೆ ಹೇಳುತ್ತಾರೆ.

ಬಲೆ ಬೀಸುವವನು ಗುಂಪನ್ನು ಎಳೆಯುತ್ತಾನೆ. ಗಾಳ ಹಾಕುವವನಿಗಾದರೋ ಒಂದು ಸಲಕ್ಕೆ ಒಂದೇ ಮೀನು. ಆ ಮೀನನ್ನು ಅವನು ಕೈಯಲ್ಲಿ ಹಿಡಿಯುತ್ತಾನೆ, ಅದರ ಬಾಯಿ ತೆರೆಯುತ್ತಾನೆ, ಬಣ್ಣ ನೋಡುತ್ತಾನೆ, ತೂಕ ಅಂದಾಜು ಮಾಡುತ್ತಾನೆ. ಹೀಗಾಗಿ ನೀರಿನ ಜೀವಿಗಳನ್ನು ಹತ್ತಿರದಿಂದ ಬಲ್ಲವರು ಯಾರೆಂದು ಕೇಳಿದರೆ ಗಾಳಗಾರರೇ ಎಂದು ನಾವು ಉತ್ತರಿಸಿಯೇವು. ಆದರೆ ನಮ್ಮ ಕಾವೇರಿ ಕೊಳ್ಳದ ಚರಿತ್ರೆ ಈ ಉತ್ತರವನ್ನು ಪ್ರಶ್ನಿಸುತ್ತದೆ. ಲೋಕದ ನಾನಾ ದೇಶಗಳ ಗಾಳಗಾರರು ಹುಡುಕಿಕೊಂಡು ಬಂದ, ಪ್ರೀತಿಸಿದ, ತೂಗಿದ, ಚಿತ್ರ ತೆಗೆಸಿಕೊಂಡ ಒಂದು ಮೀನು ಇಲ್ಲಿತ್ತು. ಅದು ಯಾವ ಮೀನೆಂಬುದು ಖಚಿತವಾದದ್ದು 2018ರಲ್ಲಿ. ಆ ಹೊತ್ತಿಗೆ ಅದು ನಾಶದ ಅಂಚಿಗೆ ಬಂದು ನಿಂತಿತ್ತು. ಈ ತಿಂಗಳು ಆ ಮೀನಿನ ಚರಿತ್ರೆಯನ್ನು ನಿಮ್ಮ ಮುಂದಿಡುವ ಅಪೇಕ್ಷೆ ನಮ್ಮದು.

ಎರಡು ಹೊಳೆಗಳ ನಾಡು

ಮೊದಲು ನಮ್ಮ ಸುತ್ತಲಿನ ನೀರನ್ನೇ ನೋಡೋಣ. ಹೇಮಾವತಿಯು ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟಿ, ಸಕಲೇಶಪುರವನ್ನು ಹಾದು, ಹಾಸನ ತಾಲ್ಲೂಕಿನ ಗೊರೂರಿಗೆ ಬರುತ್ತದೆ. ಅಲ್ಲಿಂದ ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು, ಮುಂದೆ ಕೃಷ್ಣರಾಜಸಾಗರದ ಹಿನ್ನೀರಿನ ಬಳಿ ಕಾವೇರಿಯನ್ನು ಸೇರುತ್ತದೆ. ಅದರ ಒಟ್ಟು ಉದ್ದ ಸುಮಾರು 245 ಕಿಲೋಮೀಟರ್. ಅರಕಲಗೂಡು ತಾಲ್ಲೂಕಿನ ಭಾಗ್ಯ ಇನ್ನೂ ದೊಡ್ಡದು. ಅದರ ಉತ್ತರಕ್ಕೆ ಹೇಮಾವತಿ, ದಕ್ಷಿಣಕ್ಕೆ ಕೊಣನೂರು, ರಾಮನಾಥಪುರಗಳ ಮೂಲಕ ಹರಿಯುವ ಕಾವೇರಿ. ಚನ್ನರಾಯಪಟ್ಟಣ ಮಾತ್ರ ಕೆರೆಗಳನ್ನೇ ನಂಬಿದ ಬಯಲುಸೀಮೆ. ಗೊರೂರಿನ ಎಡದಂಡೆ ನಾಲೆ ಬಂದ ಮೇಲೆ ಹೇಮಾವತಿಯ ನೀರು ಅಲ್ಲಿಗೂ ತಲುಪಿತು.

ಗೊರೂರು ರಾಮಸ್ವಾಮಿ ಅಯ್ಯಂಗಾರರ ಬರಹಗಳನ್ನು ಓದಿ ಬೆಳೆದವರಿಗೆ ಹೇಮಾವತಿಯ ತೀರದ ಬದುಕು ಅಪರಿಚಿತವೇನಲ್ಲ. ಅದೇ ಹೊಳೆ ಹುಟ್ಟುವ ಮೂಡಿಗೆರೆ ಸೀಮೆಯಲ್ಲಿ ನೆಲೆಸಿದ್ದ ಪೂರ್ಣಚಂದ್ರ ತೇಜಸ್ವಿಯವರು ಗಾಳ ಹಿಡಿದು ಗಂಟೆಗಟ್ಟಲೆ ನೀರಿನ ಬದಿ ಕೂರುತ್ತಿದ್ದರೆಂಬುದೂ ಕನ್ನಡಿಗರೆಲ್ಲ ಬಲ್ಲ ಸಂಗತಿ. ಹೊಳೆಯ ಬದಿಯ ಊರುಗಳಲ್ಲಿ ದಾರದ ತುದಿಗೆ ಗಾಳ ಕಟ್ಟಿ, ಎರೆಹುಳು ಸಿಕ್ಕಿಸಿ, ಬಿದಿರಿನ ಕೋಲು ಹಿಡಿದು ಕೂರದ ಹುಡುಗರು ವಿರಳ. ಆದ್ದರಿಂದ ಗಾಳವೆಂಬುದು ನಮಗೆ ಹೊರಗಿನಿಂದ ಬಂದ ವಿದ್ಯೆಯಲ್ಲ. ಹೊರಗಿನಿಂದ ಬಂದದ್ದು, ಹಸಿವಿಗಾಗಿ ಅಲ್ಲದೆ ವಿನೋದಕ್ಕಾಗಿ ದೊಡ್ಡ ಮೀನನ್ನೇ ಅರಸುವ ಹವ್ಯಾಸ.

ಟ್ರೌಟ್ ಮೀನನ್ನು ಹೊತ್ತು ತಿರುಗಿದವರು

ಈ ಹವ್ಯಾಸದ ಮೂಲ ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡಿನ ತಣ್ಣನೆಯ ತೊರೆಗಳಲ್ಲಿದೆ. ಅಲ್ಲಿ ಕಂದು ಟ್ರೌಟ್ ಎಂಬ ಮೀನುಂಟು. ಮೈಮೇಲೆ ಕಪ್ಪು, ಕೆಂಪು ಚುಕ್ಕೆಗಳಿರುವ ಈ ಮೀನು ಹರಿವಿಗೆ ಮುಖಮಾಡಿ ನಿಂತು, ನೀರಿನ ಮೇಲೆ ತೇಲಿಬರುವ ಹುಳುಗಳನ್ನು ಹಿಡಿದು ತಿನ್ನುತ್ತದೆ. ಅದನ್ನು ಹಿಡಿಯಲು ಅಲ್ಲಿಯವರು ಕೊಕ್ಕೆಗೆ ಹಕ್ಕಿಯ ಗರಿ ಮತ್ತು ನೂಲು ಸುತ್ತಿ, ಹುಳುವಿನಂತೆಯೇ ಕಾಣುವ ಹುಸಿ ಆಹಾರವನ್ನು ತಯಾರಿಸುತ್ತಾರೆ. ಇದಕ್ಕೆ ಫ್ಲೈ ಎಂದು ಹೆಸರು. ಗರಿಯ ತುಣುಕಿಗೆ ಭಾರವಿಲ್ಲ. ಆದ್ದರಿಂದ ದಪ್ಪ ದಾರದ ಭಾರವನ್ನೇ ಚಾಟಿಯಂತೆ ಬೀಸಿ ಅದನ್ನು ದೂರಕ್ಕೆ ಕಳುಹಿಸಬೇಕು. ವರ್ಷಗಳ ಅಭ್ಯಾಸವನ್ನೂ ಅಪಾರ ತಾಳ್ಮೆಯನ್ನೂ ಬೇಡುವ ವಿದ್ಯೆ ಅದು. ಐಸಾಕ್ ವಾಲ್ಟನ್ ಎಂಬ ದೈವಭಕ್ತನು 1653ರಲ್ಲಿ ಪ್ರಕಟಿಸಿದ ಗಾಳದ ಪುಸ್ತಕವು ಆ ದೇಶದಲ್ಲಿ ಇಂದಿಗೂ ಮರುಮುದ್ರಣ ಕಾಣುತ್ತಿದೆ ಎಂದರೆ ಈ ಹವ್ಯಾಸದ ಬೇರು ಎಷ್ಟು ಆಳವೆಂದು ಊಹಿಸಬಹುದು.

ಮನುಷ್ಯನು ದೇಶ ಬಿಟ್ಟು ಹೋಗುವಾಗ ತನಗೆ ಪ್ರಿಯವಾದುದನ್ನು ಜೊತೆಗೆ ಒಯ್ಯುತ್ತಾನೆ. ನಮ್ಮವರು ಮುಂಬಯಿಗೆ ಹೋದರೂ ದುಬೈಗೆ ಹೋದರೂ ರಾಗಿಹಿಟ್ಟು ಕಟ್ಟಿಕೊಂಡು ಹೋಗುವುದಿಲ್ಲವೇ? ಬ್ರಿಟಿಷರು ತಮ್ಮ ಮೀನನ್ನೇ ಒಯ್ದರು. ಹಲವು ಸೋಲುಗಳ ಬಳಿಕ 1864ರಲ್ಲಿ ಟ್ರೌಟ್ ಮೊಟ್ಟೆಗಳನ್ನು ಪಾಚಿಯಲ್ಲಿ ಸುತ್ತಿ, ಮಂಜುಗಡ್ಡೆಯ ನಡುವೆ ಇಟ್ಟು, ಸುಮಾರು ಮೂರು ತಿಂಗಳ ಹಡಗಿನ ಪ್ರಯಾಣದ ನಂತರ ಆಸ್ಟ್ರೇಲಿಯಾದ ದಕ್ಷಿಣಕ್ಕಿರುವ ಟಾಸ್ಮೇನಿಯಾ ದ್ವೀಪದಲ್ಲಿ ಮರಿ ಮಾಡಿಸಿದರು. ಅಲ್ಲಿಂದ 1867ರಲ್ಲಿ ನ್ಯೂಜಿಲೆಂಡಿಗೆ ಮೊಟ್ಟೆಗಳು ಹೋದವು. ಇಂದು ಭಾರಿ ಗಾತ್ರದ ಕಾಡು ಟ್ರೌಟ್ ಹಿಡಿಯಲು ಲೋಕದ ಗಾಳಗಾರರು ನ್ಯೂಜಿಲೆಂಡಿಗೆ ಹೋಗುತ್ತಾರೆ. ಆದರೆ ಆ ಕಾಡು ಮೀನುಗಳ ಪೂರ್ವಜರೆಲ್ಲ ಹಡಗಿನಲ್ಲಿ ಬಂದವರೇ. ಅವು ಬೆಳೆದಂತೆ ಆ ನಾಡಿನ ಪುಟ್ಟ ದೇಶೀ ಮೀನುಗಳು ಅನೇಕ ಹೊಳೆಗಳಿಂದ ಮಾಯವಾಗಿ, ಟ್ರೌಟ್ ಹತ್ತಲಾರದ ಜಲಪಾತಗಳ ಮೇಲಣ ತೊರೆಗಳಲ್ಲಿ ಮಾತ್ರ ಉಳಿದವು. ಪರಸ್ಥಳಕ್ಕೆ ಹೋಗಿ ಅತಿ ಹೆಚ್ಚು ಹಾನಿ ಮಾಡಿದ ನೂರು ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಕಂದು ಟ್ರೌಟ್ ಹೆಸರೂ ಸೇರಿದೆ.

ಭಾರತದಲ್ಲಿಯೂ ಈ ಪ್ರಯತ್ನಗಳು ನಡೆದವು. ಸೇನಾ ವೈದ್ಯನೂ ಮೀನುಗಳ ಮಹಾವಿದ್ವಾಂಸನೂ ಆಗಿದ್ದ ಫ್ರಾನ್ಸಿಸ್ ಡೇ 1860ರ ದಶಕದಲ್ಲಿ ನೀಲಗಿರಿಗೆ ಟ್ರೌಟ್ ತರಲು ಶ್ರಮಿಸಿ ವಿಫಲನಾದನು. ಕಾಶ್ಮೀರದಲ್ಲಿ ರತ್ನಗಂಬಳಿ ಉದ್ಯಮಿ ಎಫ್. ಜೆ. ಮಿಚೆಲ್ ಎಂಬವರ ಮುತುವರ್ಜಿಯಿಂದ 1900ರಲ್ಲಿ ಸ್ಕಾಟ್ಲೆಂಡಿನ ಕಂದು ಟ್ರೌಟ್ ನೆಲೆಯೂರಿತು. ನೀಲಗಿರಿಯಲ್ಲಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕಂದು ಟ್ರೌಟ್ ಬದಲಿಗೆ ಅಮೆರಿಕ ಮೂಲದ ಕಾಮನಬಿಲ್ಲು ಟ್ರೌಟ್ ಉಳಿದುಕೊಂಡಿತು. ಆದರೆ ನಮ್ಮ ಹಾಸನ, ಮೈಸೂರು ಸೀಮೆಯ ಬಯಲಿನ ಹೊಳೆಗಳ ಬಿಸಿ ನೀರಿನಲ್ಲಿ ಈ ಮೀನು ಬದುಕಲಾರದು. ಹೀಗಾಗಿ ಇಲ್ಲಿಯ ಬ್ರಿಟಿಷ್ ಅಧಿಕಾರಿಗಳೂ ತೋಟದ ದೊರೆಗಳೂ ತಮ್ಮ ಗಾಳಕ್ಕೆ ತಕ್ಕ ಮತ್ತೊಂದು ಮೀನನ್ನು ಅರಸಿದರು. ಅವರಿಗೆ ದೊರೆತದ್ದು ಮಹಶೀರ್.

ಮಂಗಳೂರಿನಲ್ಲಿ ಅಚ್ಚಾದ ಪುಸ್ತಕ

ಮಹಶೀರ್ ಗೆಂಡೆ ಮೀನಿನ ಕುಲಕ್ಕೆ ಸೇರಿದ್ದು. ಕಾವೇರಿಯ ಕಡೆ ಇದಕ್ಕೆ ಬಿಳಿ ಮೀನು ಎನ್ನುವುದುಂಟು. ತುಳುವರು ಪೆರುವೊಳು ಎನ್ನುತ್ತಾರೆ. ದಪ್ಪ ತುಟಿ, ನಾಲ್ಕು ಮೀಸೆ, ದೊಡ್ಡ ದೊಡ್ಡ ಹುರುಪೆ, ಬಂಡೆಗಳ ನಡುವಿನ ಸೆಳವನ್ನು ಸೀಳಿಕೊಂಡು ಮೇಲೇರುವ ಶಕ್ತಿ, ಇವು ಅದರ ಲಕ್ಷಣಗಳು. ಹಣ್ಣು, ಏಡಿ, ಸಣ್ಣ ಮೀನು ಎಲ್ಲವೂ ಅದಕ್ಕೆ ಆಹಾರ. ಮಳೆಗಾಲದಲ್ಲಿ ಮೊಟ್ಟೆಯಿಡಲು ಅದು ಹೊಳೆಯ ಮೇಲ್ಭಾಗದ ಜಲ್ಲಿಕಲ್ಲಿನ ತಳವನ್ನು ಹುಡುಕಿಕೊಂಡು ಹೋಗುತ್ತದೆ.

1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿ ವರದಿ ಬರೆದ ಫ್ರಾನ್ಸಿಸ್ ಬುಕಾನನ್‌ನ ಹೆಸರನ್ನು ಇತಿಹಾಸದ ವಿದ್ಯಾರ್ಥಿಗಳು ಬಲ್ಲರು. ಗಂಗಾ ಕೊಳ್ಳದ ಮಹಶೀರನ್ನು 1822ರಲ್ಲಿ ಶಾಸ್ತ್ರೀಯವಾಗಿ ವರ್ಣಿಸಿ ಹೆಸರಿಟ್ಟವನು ಅವನೇ. ಪುಣೆಯ ಬಳಿಯ ಹೊಳೆಯ ಮಹಶೀರಿಗೆ ಸೈಕ್ಸ್ ಎಂಬ ಸೇನಾಧಿಕಾರಿ 1839ರಲ್ಲಿ ಹೆಸರಿಟ್ಟನು. ಕಾವೇರಿಯ ಮೀನಿಗೆ ಮಾತ್ರ ಅಂತಹ ನಾಮಕರಣ ನಡೆಯಲಿಲ್ಲ. ಎಲ್ಲರೂ ಅದನ್ನು ಬರಿದೆ ಮಹಶೀರ್ ಎಂದರು, ಅಷ್ಟರಲ್ಲಿಯೇ ತೃಪ್ತರಾದರು.

ಭಾರತದ ಗಾಳಗಾರಿಕೆಯ ಅತಿ ಪ್ರಸಿದ್ಧ ಗ್ರಂಥವು ಮೊದಲು ಅಚ್ಚಾದದ್ದು ನಮ್ಮ ಕರಾವಳಿಯಲ್ಲಿಯೇ ಎಂದರೆ ನಿಮಗೆ ಆಶ್ಚರ್ಯವಾದೀತು. ದಕ್ಷಿಣ ಕನ್ನಡದಲ್ಲಿ ಸೇವೆ ಸಲ್ಲಿಸಿದ ಹೆನ್ರಿ ಸಲಿವನ್ ಥಾಮಸ್ ಎಂಬ ಅಧಿಕಾರಿಯ ‘ದ ರಾಡ್ ಇನ್ ಇಂಡಿಯಾ’ 1873ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ ಬೆಳಕು ಕಂಡಿತು. 1894ರಲ್ಲಿ ಕಿಟ್ಟೆಲ್ ಅವರ ಕನ್ನಡ ನಿಘಂಟನ್ನು ಹೊರತಂದ ಸಂಸ್ಥೆಯೂ ಅದೇ. ಮಹಶೀರ್ ತನ್ನ ದೇಶದ ಸಾಲ್ಮನ್ ಮೀನಿಗಿಂತ ಕಡಿಮೆಯದಲ್ಲವೆಂದು ಥಾಮಸ್ ವಾದಿಸಿದನು. ಆದರೆ ಅವನು ಬರಿಯ ಬೇಟೆಗಾರನಾಗಿರಲಿಲ್ಲ. ಹೊಳೆಗಳಿಗೆ ವಿಷ ಹಾಕಿ, ಸಣ್ಣ ಕಣ್ಣಿನ ಬಲೆ ಒಡ್ಡಿ ಮರಿಮೀನುಗಳನ್ನು ನಾಶಮಾಡುವುದನ್ನು ಕಂಡು ಕಳವಳಗೊಂಡು, ಮೀನುಗಳ ರಕ್ಷಣೆ ಮತ್ತು ಸಾಕಣೆಯ ಬಗೆಗೂ ಬರೆದನು. ಸಿಡಿಮದ್ದು ಮತ್ತು ವಿಷದಿಂದ ಮೀನು ಕೊಲ್ಲುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ ಬಂದದ್ದು 1897ರಲ್ಲಿ.

ದಾಖಲೆಯ ಮೀನುಗಳು

ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ಕಾವೇರಿಯ ಮಹಶೀರ್ ಜಗತ್ತಿನ ಗಾಳಗಾರರ ಬಾಯಲ್ಲಿ ಮನೆಮಾತಾಯಿತು. 1919ರಲ್ಲಿ ರಿವೆಟ್ ಕಾರ್ನಾಕ್ ಎಂಬ ಅಧಿಕಾರಿ ಕಾವೇರಿಯಲ್ಲಿ 119 ಪೌಂಡು ತೂಗುವ ಮೀನನ್ನು ಹಿಡಿದನು. 1946ರ ಮಾರ್ಚ್ ತಿಂಗಳಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ 120 ಪೌಂಡಿನ ಮೀನನ್ನು ಹಿಡಿದು ಆ ದಾಖಲೆಯನ್ನು ಮುರಿದರು. 120 ಪೌಂಡು ಎಂದರೆ 54 ಕಿಲೋಗಿಂತ ಹೆಚ್ಚು, ಒಂದು ಮೂಟೆ ಅಕ್ಕಿಗಿಂತಲೂ ಭಾರ. ಬೇಟೆಯ ಹುಲಿ, ಚಿರತೆಗಳ ಚರ್ಮವನ್ನು ಹದಮಾಡಿ ಜೀವಂತವೆಂಬಂತೆ ನಿಲ್ಲಿಸುವ ಕಲೆಗೆ ವ್ಯಾನ್ ಇಂಗೆನ್ ಮನೆತನವು ಹೆಸರಾಗಿತ್ತು. ಕಾಡಿನ ಒಂದೊಂದು ಪ್ರಾಣಿಯ ಮೈಕಟ್ಟನ್ನೂ ಬಲ್ಲ ಮನೆತನ ಅದು.

ಆ ಕಾಲದ ಛಾಯಾಚಿತ್ರಗಳಲ್ಲಿ ಈ ಭಾರಿ ಮೀನುಗಳ ತಲೆಯ ಹಿಂಬದಿಯಲ್ಲಿ ಗೂನಿನಂತಹ ಉಬ್ಬು ಎದ್ದು ಕಾಣುತ್ತದೆ. ಅದರ ಈಜುರೆಕ್ಕೆಗಳಿಗೆ ಕಿತ್ತಳೆ ಬಣ್ಣ. ಚಿತ್ರಗಳನ್ನು ಲೋಕವೆಲ್ಲ ನೋಡಿತು. ಆದರೂ ಇದು ಬೇರೆಯೇ ಜಾತಿ ಇರಬಹುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವ ಕೆಲಸ ದಶಕಗಳವರೆಗೆ ಹಿಂದುಳಿಯಿತು. ದಾಖಲೆ ಪುಸ್ತಕದಲ್ಲಿ ಹಿಡಿದವನ ಹೆಸರಿತ್ತು, ಹೊಳೆಯ ಹೆಸರಿತ್ತು, ತೂಕವಿತ್ತು. ಮೀನಿಗೆ ಮಾತ್ರ ಸ್ವಂತ ಹೆಸರಿರಲಿಲ್ಲ.

ಇದೇ ಅವಧಿಯಲ್ಲಿ ಹೊಳೆಗಳು ಬದಲಾಗತೊಡಗಿದವು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯು 1930ರ ದಶಕದ ಆರಂಭದಲ್ಲಿ ಪೂರ್ಣಗೊಂಡಿತು. ಕಬಿನಿ ಜಲಾಶಯ 1970ರ ದಶಕದಲ್ಲಿ ಬಂದಿತು. ಹೇಮಾವತಿಗೆ ಗೊರೂರಿನಲ್ಲಿ 58.5 ಮೀಟರ್ ಎತ್ತರದ, 4692 ಮೀಟರ್ ಉದ್ದದ ಅಣೆಕಟ್ಟು 1979ರಲ್ಲಿ ಸಿದ್ಧವಾಯಿತು. ಈ ನೀರಿನಿಂದ ಲಕ್ಷಾಂತರ ಎಕರೆ ಹಸಿರಾಯಿತು. ಚನ್ನರಾಯಪಟ್ಟಣದ ಒಣ ಹೊಲಗಳಿಗೆ ಬೆಳೆ ಬಂದಿತು. ಅದನ್ನು ಕೃತಜ್ಞತೆಯಿಂದ ನೆನೆಯಬೇಕು. ಆದರೆ ಮೊಟ್ಟೆಯಿಡಲು ಮೇಲಕ್ಕೆ ಹೋಗಬೇಕಾದ ಮೀನಿಗೆ ಕಟ್ಟೆಯೆಂದರೆ ಮುಚ್ಚಿದ ಬಾಗಿಲು. ಕಾನೂನಿದ್ದರೂ ಕಲ್ಲುಗಣಿಗೆ ತಂದ ತೋಟೆಯನ್ನು ಹೊಳೆಯ ಮಡುವಿಗೆ ಎಸೆದು ಮೀನು ಕೊಲ್ಲುವವರು ನಿಲ್ಲಲಿಲ್ಲ. ಸಿಡಿದ ಜಾಗದಲ್ಲಿ ದೊಡ್ಡದು, ಚಿಕ್ಕದು, ಮೊಟ್ಟೆ, ಮರಿ ಎಂಬ ಭೇದವಿಲ್ಲದೆ ಎಲ್ಲವೂ ಸಾಯುತ್ತಿದ್ದವು.

ಹೇಮಾವತಿಯ ಹಿನ್ನೀರಿನಲ್ಲಿ ಮನುಷ್ಯರ ಊರುಗಳೂ ಮುಳುಗಿದವೆಂಬುದನ್ನು ನಮ್ಮ ಧರ್ಮಕೇಂದ್ರಗಳ ಹಿರಿಯರಿಗೆ ಬೇರೆ ಹೇಳಬೇಕಿಲ್ಲ. 1860ರ ದಶಕದಲ್ಲಿ ಫ್ರೆಂಚ್ ಗುರುಗಳು ಕಟ್ಟಿಸಿದ ಶೆಟ್ಟಿಹಳ್ಳಿಯ ಜಪಮಾಲೆ ಮಾತೆಯ ದೇವಾಲಯವು ಮಳೆಗಾಲದಲ್ಲಿ ನೀರಿಗಿಳಿದು, ಬೇಸಿಗೆಯಲ್ಲಿ ಮೇಲೇಳುತ್ತ ಇಂದಿಗೂ ನಿಂತಿದೆ. ಅಲ್ಲಿ ಬದುಕಿದವರಿಗೆ ಬೇರೆಡೆ ನೆಲೆ ದೊರೆಯಿತು, ಹೊಸ ದೇವಾಲಯಗಳೂ ಎದ್ದವು. ಅವರ ಹೆಸರುಗಳು ಜ್ಞಾನಸ್ನಾನದ ಪುಸ್ತಕಗಳಲ್ಲಿದ್ದವು. ಯಾರು ಎಲ್ಲಿಗೆ ಹೋದರೆಂದು ಕೇಳುವವರಿದ್ದರು. ನೀರಿನೊಳಗೆ ನೆಲೆ ತಪ್ಪಿದ ಜೀವಿಗಳಿಗೆ ಅಂತಹ ಪುಸ್ತಕವಿರಲಿಲ್ಲ.

ರಾಮನಾಥಪುರದ ಮಂಡಕ್ಕಿ

ಇಲ್ಲಿ ಇನ್ನೊಂದು ಚಿತ್ರವನ್ನು ನೋಡಬೇಕು. ಅರಕಲಗೂಡಿನ ರಾಮನಾಥಪುರದಲ್ಲಿ ಕಾವೇರಿಗೆ ಇಳಿಯುವ ಸೋಪಾನಗಳುಂಟು. ಬಂಡೆಗಳ ನಡುವೆ ನೀರು ಮಡುಗಟ್ಟಿ ನಿಲ್ಲುವ ಆ ಜಾಗಕ್ಕೆ ವಹ್ನಿ ಪುಷ್ಕರಿಣಿ ಎಂದು ಹೆಸರು. ಅಲ್ಲಿ ಮೀನು ಹಿಡಿಯುವಂತಿಲ್ಲ. ಅದು ಮತ್ಸ್ಯಧಾಮ. ಯಾತ್ರಿಕರು ಮಂಡಕ್ಕಿ ಎರಚಿದರೆ ಮಹಶೀರ್ ಸೇರಿದಂತೆ ನೂರಾರು ಮೀನುಗಳು ಮೇಲೆದ್ದು ಬಂದು ಬಾಯ್ದೆರೆಯುತ್ತವೆ. ತುಂಗೆಯ ಶೃಂಗೇರಿಯಲ್ಲಿಯೂ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದಲ್ಲಿಯೂ ಇಂತಹ ಮತ್ಸ್ಯತೀರ್ಥಗಳಿವೆ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳವಂತೂ ಸಾವಿರ ವರ್ಷಗಳಿಗೂ ಹಿಂದಿನಿಂದ ಅಹಿಂಸೆಯ ನೆಲೆ. ಬೇರೆ ಧರ್ಮದ ನೆರೆಯವರು ತಮ್ಮ ಶ್ರದ್ಧೆಯಿಂದ ಕಾಪಾಡಿಕೊಂಡು ಬಂದ ಈ ನೀರಿನ ತುಣುಕುಗಳಿಗೆ ನಾವೂ ಋಣಿಗಳು.

ಕಾವೇರಿಯ ಕೆಳಹರಿವಿನಲ್ಲಿ ಗಾಳಗಾರರು ಕೊಕ್ಕೆಗೆ ಸಿಕ್ಕಿಸುತ್ತಿದ್ದುದೂ ಹೆಚ್ಚಾಗಿ ಗರಿಯ ಫ್ಲೈ ಅಲ್ಲ, ರಾಗಿ ಹಿಟ್ಟನ್ನು ಬೇಯಿಸಿ ಕಟ್ಟಿದ ಉಂಡೆ. ಒಂದೇ ಹೊಳೆಯಲ್ಲಿ, ಒಂದು ಕಡೆ ಭಕ್ತನ ಕೈಯ ಮಂಡಕ್ಕಿ, ಇನ್ನೊಂದು ಕಡೆ ಹರಿಗೋಲಿನಲ್ಲಿ ಕುಳಿತ ಗಾಳಗಾರನ ರಾಗಿ ಉಂಡೆ. ಇಬ್ಬರಿಗೂ ಮೀನೆಂದರೆ ಪ್ರೀತಿಯೇ. ಆದರೆ ಸೋಪಾನದ ಬಳಿಯ ರಕ್ಷಣೆಯು ಸೋಪಾನದಿಂದ ಆಚೆಗೆ ಹೋಗದು. ಮೇಲೆ, ಕೆಳಗೆ ಕಟ್ಟೆಗಳಿರುವ ಹೊಳೆಯಲ್ಲಿ ನೂರು ಗಜದ ಅಭಯವು ಮೀನಿನ ಇಡೀ ಬದುಕಿಗೆ ಸಾಲದು.

ಸದುದ್ದೇಶದಿಂದಾದ ಹಾನಿ

ಸ್ವಾತಂತ್ರ್ಯಾನಂತರ ಕಾವೇರಿಯ ಭಾರಿ ಮಹಶೀರ್ ಅಳಿದೇ ಹೋಯಿತೆಂದು ಅನೇಕರು ಭಾವಿಸಿದ್ದರು. 1977-78ರಲ್ಲಿ ಇಂಗ್ಲೆಂಡಿನ ಮೂವರು ಯುವಕರು ಇಲ್ಲಿಗೆ ಬಂದು ಗಾಳ ಹಾಕಿ, 90 ಪೌಂಡನ್ನು ಮೀರಿದ ಮೀನನ್ನೂ ಹಿಡಿದಾಗ ಹೊಸ ಆಸೆ ಚಿಗುರಿತು. ಭೀಮೇಶ್ವರಿ, ಗಾಳಿಬೋರೆ, ದೊಡ್ಡಮಾಕಳಿಗಳಲ್ಲಿ ಗಾಳಗಾರರ ಶಿಬಿರಗಳು ನಡೆದವು. ಇಲ್ಲಿ ಹಿಡಿದು ಬಿಡುವ ಪದ್ಧತಿ ಜಾರಿಗೆ ಬಂದಿತು. ಹಿಡಿದ ಮೀನನ್ನು ತೂಗಿ, ಚಿತ್ರ ತೆಗೆದು, ಮರಳಿ ನೀರಿಗೆ ಬಿಡುವುದು ಅದರ ನಿಯಮ. ಹಿಂದೆ ಕದ್ದು ಮೀನು ಕೊಲ್ಲುತ್ತಿದ್ದ ಸ್ಥಳೀಯರಿಗೆ ಮಾರ್ಗದರ್ಶಕರಾಗಿ, ಕಾವಲುಗಾರರಾಗಿ ಕೆಲಸ ದೊರೆಯಿತು. ತೋಟೆ ಸಿಡಿಸುವವರ ಹಾವಳಿ ಆ ಭಾಗದಲ್ಲಿ ತಗ್ಗಿತು. ಇದು ಶ್ಲಾಘನೀಯ ಕಾರ್ಯವೆಂಬುದರಲ್ಲಿ ಎರಡು ಮಾತಿಲ್ಲ.

ಇದರ ಜೊತೆಗೆ ಇನ್ನೊಂದು ಕೆಲಸವೂ ನಡೆಯಿತು. ಮಹಾರಾಷ್ಟ್ರದ ಲೋಣಾವಳದಲ್ಲಿ ಟಾಟಾ ವಿದ್ಯುತ್ ಸಂಸ್ಥೆಯು ಮಹಶೀರ್ ಮರಿಗಳನ್ನು ಬೆಳೆಸುವ ಕೇಂದ್ರವನ್ನು ಸ್ಥಾಪಿಸಿತ್ತು. ಅಳಿವಿನಂಚಿನ ಮೀನನ್ನು ಉಳಿಸಬೇಕೆಂಬ ಪ್ರಾಮಾಣಿಕ ಉದ್ದೇಶ ಅದರದು. ಅಲ್ಲಿಯ ಮರಿಗಳನ್ನು ದೇಶದ ಅನೇಕ ನೀರುಗಳಿಗೆ, 1970ರ ದಶಕದ ನಂತರ ಕಾವೇರಿಗೂ ಬಿಡಲಾಯಿತು. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಬಿಡೋಣ, ಇಷ್ಟು ಸರಳವಾಗಿತ್ತು ಯೋಚನೆ. ಆದರೆ ಲೋಣಾವಳದ ಮೀನು ಸೈಕ್ಸ್ ಹೆಸರಿಸಿದ್ದ ಪುಣೆ ಸೀಮೆಯ ನೀಲಿ ರೆಕ್ಕೆಯ ಮಹಶೀರ್. ಕಾವೇರಿಯ ಗೂನುಬೆನ್ನಿನ, ಕಿತ್ತಳೆ ರೆಕ್ಕೆಯ ಮೀನು ಬೇರೆಯೇ ಆಗಿತ್ತು.

ಹೊಸ ಮರಿಗಳು ಹೊಳೆಗೆ ಹೊಂದಿಕೊಂಡು ಹೆಚ್ಚಿದವು. ಗಾಳಿಬೋರೆ ಶಿಬಿರದಲ್ಲಿ 1998ರಿಂದ 2012ರವರೆಗೆ ಗಾಳಗಾರರು ಹಿಡಿದು ಬಿಟ್ಟ ಆರು ಸಾವಿರಕ್ಕೂ ಹೆಚ್ಚು ಮೀನುಗಳ ಲೆಕ್ಕವನ್ನು ಬರೆದಿಡಲಾಗಿತ್ತು. ಒಟ್ಟು ಲೆಕ್ಕ ನೋಡಿದರೆ ಮಹಶೀರ್ ಸಂಖ್ಯೆ ಏರುತ್ತಲೇ ಇತ್ತು. ಎಲ್ಲರೂ ಸಂತೋಷಪಡಬಹುದಾದ ಅಂಕಿಗಳು ಅವು. ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಅವರ ಸಂಗಡಿಗ ವಿಜ್ಞಾನಿಗಳು ಆ ಲೆಕ್ಕವನ್ನು ಎರಡು ಬಗೆಯ ಮೀನುಗಳಿಗೆ ಬೇರೆಬೇರೆಯಾಗಿ ವಿಂಗಡಿಸಿ 2015ರಲ್ಲಿ ಪ್ರಕಟಿಸಿದಾಗ ನಿಜ ಹೊರಬಿತ್ತು. ಏರಿಕೆಯೆಲ್ಲ ನೀಲಿ ರೆಕ್ಕೆಯ ಮೀನಿನದು. ಗೂನುಬೆನ್ನಿನ ಮೀನು ವರ್ಷದಿಂದ ವರ್ಷಕ್ಕೆ ಇಳಿಯುತ್ತ ಬಂದಿತ್ತು.

ಅದರಲ್ಲಿಯೂ ಒಂದು ಸೂಕ್ಷ್ಮವಿತ್ತು. ಸಿಕ್ಕ ಗೂನುಬೆನ್ನಿನ ಮೀನುಗಳು ಕಡಿಮೆಯಾಗುತ್ತ ಹೋದರೂ ಅವುಗಳ ಗಾತ್ರ ಹೆಚ್ಚುತ್ತ ಹೋಗಿತ್ತು. ಗಾಳಗಾರನಿಗೆ ಇದು ಸಂಭ್ರಮದ ವಿಷಯ. ಹಿಡಿದವುಗಳೆಲ್ಲ ದೊಡ್ಡ ಮೀನುಗಳೇ! ಆದರೆ ಅದರ ಅರ್ಥ ಬೇರೆಯಾಗಿತ್ತು. ಮುದಿ ಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ. ಒಂದು ಧರ್ಮಕೇಂದ್ರದಲ್ಲಿ ಮರಣದ ದಾಖಲೆ ತುಂಬುತ್ತ, ಜ್ಞಾನಸ್ನಾನದ ದಾಖಲೆಯ ಪುಟಗಳು ಖಾಲಿ ಉಳಿದರೆ ನಾವು ಏನೆಂದು ತಿಳಿಯುತ್ತೇವೆಯೋ ಇದೂ ಹಾಗೆಯೇ.

ಕೊನೆಗೂ ಬಂದ ಹೆಸರು

ಕೇರಳದ ಪಾಂಬಾರ್ ಹೊಳೆಯು ಅಮರಾವತಿಯ ಮೂಲಕ ಕಾವೇರಿಯನ್ನೇ ಸೇರುತ್ತದೆ. ಅಲ್ಲಿ ದೊರೆತ ಒಂದು ಮಹಶೀರಿಗೆ ಕೇರಳದ ಇಬ್ಬರು ವಿದ್ವಾಂಸರು, ಮೀನುಗಳ ತಜ್ಞೆ ಕೆ. ರೇಮಾದೇವಿಯವರ ಗೌರವಾರ್ಥವಾಗಿ ‘ಟಾರ್ ರೇಮಾದೇವಿಐ’ ಎಂಬ ಶಾಸ್ತ್ರೀಯ ನಾಮವನ್ನು ಕೊಟ್ಟಿದ್ದರು. ನೀಲಗಿರಿಯ ತಪ್ಪಲಿನ ಮೋಯಾರ್ ಹೊಳೆಯಲ್ಲಿ ಗೂನುಬೆನ್ನಿನ ಮೀನುಗಳನ್ನು ಹುಡುಕಿ, ದೇಹಲಕ್ಷಣ ಮತ್ತು ವಂಶವಾಹಿಗಳನ್ನು ಹೋಲಿಸಿದ ವಿಜ್ಞಾನಿಗಳು, ಕಾವೇರಿಯ ಪ್ರಸಿದ್ಧ ಮೀನೂ ಇದೇ ಜಾತಿಯದೆಂದು 2018ರಲ್ಲಿ ತೋರಿಸಿದರು. ಹೆಸರು ಖಚಿತವಾದ ಮೇಲೆಯೇ ಅದರ ಸ್ಥಿತಿಯನ್ನು ಅಳೆಯುವುದು ಸಾಧ್ಯವಾಯಿತು. ಅದೇ ವರ್ಷ ಅದು ಅಂತರರಾಷ್ಟ್ರೀಯ ಕೆಂಪುಪಟ್ಟಿಯಲ್ಲಿ ‘ತೀವ್ರ ಅಳಿವಿನಂಚಿನ’ ವರ್ಗಕ್ಕೆ ಸೇರಿತು. ಹೆಸರಿಲ್ಲದ ಜೀವಿಗೆ ಪಟ್ಟಿಯಲ್ಲಿ ಸ್ಥಾನವಿಲ್ಲ. ಪಟ್ಟಿಯಲ್ಲಿಲ್ಲದುದಕ್ಕೆ ರಕ್ಷಣೆಯ ಯೋಜನೆಯೂ ಇಲ್ಲ. ವ್ಯಾನ್ ಇಂಗೆನ್ ಅವರ ದಾಖಲೆಗೂ ಈ ಹೆಸರಿಗೂ ನಡುವೆ 72 ವರ್ಷಗಳು ಕಳೆದುಹೋಗಿದ್ದವು.

ಓದುಗರೇ, ಈ ಚರಿತ್ರೆಯಲ್ಲಿ ತೋಟೆ ಎಸೆದವರನ್ನು ಬಿಟ್ಟರೆ ದುಷ್ಟರೆಂದು ಬೆರಳು ತೋರಿಸಬಹುದಾದವರು ಕಡಿಮೆ. ಮರಿ ಬೆಳೆಸಿದವರು ಒಳ್ಳೆಯ ಮನಸ್ಸಿನಿಂದ ಬೆಳೆಸಿದರು. ಹಿಡಿದು ಬಿಟ್ಟವರು ಪ್ರೀತಿಯಿಂದ ಬಿಟ್ಟರು. ಕಟ್ಟೆ ಕಟ್ಟಿದವರು ಹಸಿದವರಿಗೆ ಅನ್ನ ದೊರೆಯಲೆಂದು ಕಟ್ಟಿದರು. ಆದರೂ ಹಾನಿ ನಡೆಯಿತು. ಪ್ರೀತಿಗೆ ತಿಳಿವಳಿಕೆಯ ಜೊತೆ ಬೇಕೆಂಬುದು ಇಲ್ಲಿಯ ಪಾಠ. ಬಡವನಿಗೆ ಸಹಾಯ ಮಾಡುವಾಗ ಅವನ ಹೆಸರು, ಮನೆ, ಕಷ್ಟಗಳನ್ನು ಕೇಳದೆ, ಬಡವರೆಲ್ಲ ಒಂದೇ ಎಂದು ನಮಗೆ ತೋಚಿದ್ದನ್ನು ಕೊಟ್ಟು ಬರುವವರು ನಮ್ಮಲ್ಲಿಯೂ ಇಲ್ಲವೇ?

ನಮ್ಮ ಮನೆಯಂಗಳದ ಕೆಲಸ

ಇಂದು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಸಂತೆಯಲ್ಲಿ ಸಿಗುವ ಮೀನುಗಳ ಹೆಸರನ್ನು ಮಕ್ಕಳಿಗೆ ಕೇಳಿ ನೋಡಿ. ಕಾಟ್ಲಾ, ರೋಹು, ಮೃಗಾಲ್ ಎಂದಾರು. ಇವು ಮೂಲತಃ ಗಂಗೆಯ ಕಡೆಯ ಮೀನುಗಳು. ನಮ್ಮ ಕೆರೆಗಳಲ್ಲಿ ಸಾಕಣೆಗೆಂದು ಬಂದು ಅನೇಕ ಕುಟುಂಬಗಳಿಗೆ ಜೀವನಾಧಾರವಾಗಿವೆ. ಅವುಗಳನ್ನು ದೂರುವ ಕಾರಣವಿಲ್ಲ. ಆದರೆ ಕೆರೆಯ ಸಾಕಣೆ ಬೇರೆ, ಹರಿಯುವ ಹೊಳೆ ಬೇರೆ. ಕೇಂದ್ರ ಸರ್ಕಾರವು 2000ದಲ್ಲಿಯೇ ನಿಷೇಧಿಸಿದ ಆಫ್ರಿಕನ್ ಕ್ಯಾಟ್‌ಫಿಶ್‌ನಂತಹ ಹೊಟ್ಟೆಬಾಕ ಮೀನು ಹೊಳೆಗೆ ಸೇರಿದರೆ ಅದನ್ನು ಮರಳಿ ಹೊರತೆಗೆಯುವ ಉಪಾಯವಿಲ್ಲ. ಮನೆಯ ಗಾಜಿನ ತೊಟ್ಟಿಯ ಬಣ್ಣದ ಮೀನು ಬೇಡವಾದಾಗ, ಪಾಪ ಸಾಯಬಾರದೆಂದು ಹೊಳೆಗೆ ಬಿಟ್ಟು ಬರುವುದೂ ದಯೆಯಲ್ಲ. ಅದು ಕಾವೇರಿಯಲ್ಲಿ ನಡೆದ ತಪ್ಪಿನ ಸಣ್ಣ ರೂಪ.

ಹಾಗಾದರೆ ನಾವೇನು ಮಾಡಬಹುದು? ಮೊದಲನೆಯದಾಗಿ, ಹೊಳೆಯ ಬದಿಯಲ್ಲಿ ಬಾಳಿದ ನಿಮ್ಮ ಅಜ್ಜ, ಅಜ್ಜಿಯರನ್ನು ಕೂರಿಸಿಕೊಂಡು ಅವರು ಕಂಡ ಮೀನುಗಳ ಹೆಸರುಗಳನ್ನು ಕೇಳಿ ಬರೆದಿಡಿ. ಗೊರೂರಿನ ಕಟ್ಟೆಗೆ ಮುಂಚಿನ ಹೇಮಾವತಿಯನ್ನು ಕಂಡವರು ಇನ್ನೂ ನಮ್ಮ ನಡುವೆ ಇದ್ದಾರೆ. ಯಾವ ಮೀನು ಯಾವ ಮಡುವಿನಲ್ಲಿತ್ತು, ಯಾವ ಮಳೆಗೆ ಹತ್ತುತ್ತಿತ್ತು, ಯಾವಾಗಿನಿಂದ ಕಾಣೆಯಾಯಿತು ಎಂಬುದು ಅವರ ನೆನಪಿನಲ್ಲಿದೆ. ಅವರು ಹೋದರೆ ಆ ಹೆಸರುಗಳೂ ಹೋಗುತ್ತವೆ. ಎರಡನೆಯದಾಗಿ, ತೋಟೆ ಸಿಡಿಸಿ ಹಿಡಿದ ಮೀನೆಂದು ತಿಳಿದರೆ ಕೊಳ್ಳದಿರಿ. ಮೂರನೆಯದಾಗಿ, ಮಕ್ಕಳನ್ನು ರಾಮನಾಥಪುರಕ್ಕೆ ಕರೆದೊಯ್ದು ಆ ಮೀನುಗಳನ್ನು ತೋರಿಸಿ, ಅವುಗಳ ರೆಕ್ಕೆಯ ಬಣ್ಣವೇನೆಂದು ಅವರನ್ನೇ ಕೇಳಿ. ಬರಿದೆ ಮೀನು ಎನ್ನದೆ ಯಾವ ಮೀನು ಎಂದು ಕೇಳುವ ಅಭ್ಯಾಸ ಚಿಕ್ಕಂದಿನಲ್ಲಿಯೇ ಬೆಳೆಯಲಿ.

ಆದಿಕಾಂಡದಲ್ಲಿ ದೇವರು ಪ್ರಾಣಿಗಳನ್ನೂ ಪಕ್ಷಿಗಳನ್ನೂ ಮನುಷ್ಯನ ಬಳಿಗೆ ತಂದು, ಅವನು ಅವುಗಳಿಗೆ ಏನೆಂದು ಹೆಸರಿಡುವನೋ ನೋಡಿದರೆಂದು ಓದುತ್ತೇವೆ. ಅಲ್ಲಿ ಮೀನಿನ ಪ್ರಸ್ತಾಪ ಬರುವುದಿಲ್ಲ. ನೀರಿನೊಳಗಿನ ಜೀವಿಗಳ ನಾಮಕರಣವನ್ನು ನಮ್ಮ ಪಾಲಿಗೆ ಬಿಟ್ಟಂತಿದೆ. ಆ ಕೆಲಸ ಕಾವೇರಿಯಲ್ಲಿ ಬಹಳ ತಡವಾಯಿತು. ಆದರೂ ಮೋಯಾರಿನಂತಹ ಕೆಲವೇ ನೀರುಗಳಲ್ಲಿ ಗೂನುಬೆನ್ನಿನ ಮಹಶೀರ್ ಇನ್ನೂ ಜೀವಂತವಾಗಿದೆ. ಪೇತ್ರನು ಗಾಳಕ್ಕೆ ಸಿಕ್ಕ ಮೀನಿನ ಬಾಯಿ ತೆರೆದು ನೋಡಿದುದರಿಂದ ತೆರಿಗೆಯ ನಾಣ್ಯ ದೊರೆಯಿತು. ನಾವೂ ನಮ್ಮ ಹೊಳೆಯ ಮೀನುಗಳನ್ನು ಒಂದೊಂದಾಗಿ, ಹತ್ತಿರದಿಂದ, ಹೆಸರು ಕೇಳಿ ನೋಡಲು ಕಲಿಯೋಣ. ಉಳಿದಿರುವ ಮೀನುಗಳಿಗಾದರೂ ಅಷ್ಟು ಋಣ ನಮ್ಮ ಮೇಲಿದೆ.